ಪುಸ್ತಕದ ಬೆನ್ನಿಗೆ ಬಿದ್ದ ಏಟು

"ಬಿಡ್ರಿ! ಬಿಡ್ರಿ ಅದನ್ನ!"

ಶಹನಾಜ ವಾಚನಾಲಯದ ಬಾಗಿಲಲ್ಲೇ ಕೂಗಿದಳು. ಚಪ್ಪಲಿ ಬಿಡುವುದಕ್ಕೂ ನಿಲ್ಲದೆ ಒಳಗೆ ನುಗ್ಗಿದಳು.

ಓದುವ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಮಲಗಿತ್ತು. ಅದರ ರಟ್ಟು ಆಗಲೇ ಕಿತ್ತು ಬಂದಿತ್ತು. ಯಾವನೋ ಒಬ್ಬ ಯುವಕ ಎಡಗೈಯಲ್ಲಿ ಅದನ್ನು ಅದುಮಿ ಹಿಡಿದು, ಬದನೆಕಾಯಿ ಹೆಚ್ಚುವವನ ಹಾಗೆ ನಿರಾಳವಾಗಿ, ಬಲಗೈಯ ಚಾಕುವನ್ನು ಪುಸ್ತಕದ ಬೆನ್ನಿಗೆ ಇಟ್ಟಿದ್ದ.

ಅವಳು ಅವನ ಮಣಿಕಟ್ಟು ಹಿಡಿದು ಜಗ್ಗಿದಳು. ಅವನು ಬಿಡಿಸಿಕೊಳ್ಳಲು ಹೋದ. ಚಾಕು ಜಾರಿತು.

"ಹಾ...!"

ಅವನ ಎಡ ಅಂಗೈ ಅಡ್ಡಡ್ಡ ಸೀಳಿ, ರಕ್ತ ಹಾಳೆಯ ಮೇಲೆ ತೊಟ್ಟಿಕ್ಕಿತು. ಬೇರೆ ಯಾವ ಹುಡುಗಿಯಾದರೂ ಅಲ್ಲಿಗೆ ಹೆದರಿ ಹಿಂದೆ ಸರಿಯುತ್ತಿದ್ದಳು. ಶಹನಾಜಳ ಸಿಟ್ಟು ಅಷ್ಟಕ್ಕೆ ಇಳಿಯುವಂಥದ್ದಲ್ಲ. ಚಟಾರನೆ ಕೆನ್ನೆಗೆ ಒಂದು ಬಿಟ್ಟಳು!

"ಯಾರ್ರಿ ನೀವು? ಈ ವಾಚನಾಲಯಕ್ಕ ಹೇಳೋರು ಕೇಳೋರು ಯಾರೂ ಇಲ್ಲಂತ ತಿಳದೀರೇನು?"

ಅವನು ತನ್ನ ಅಂಗೈ ನೋಡಿಕೊಂಡ. ಆಮೇಲೆ ಅವಳನ್ನು ನೋಡಿದ.

"ನವೀದ ಅಂತ್ರಿ. ಬಾಗಲಕೋಟಿಯಿಂದ ಬಂದೇನಿ, ಸ್ಕ್ಯಾನಿಂಗ್ ಕೆಲಸಕ್ಕ. ನಿಮ್ಮ ಕಮಿಟಿಯವ್ರ ಕರಸ್ಯಾರ."

"ಸ್ಕ್ಯಾನ್ ಮಾಡಾಕ ಬಂದೀರೋ, ಕೊಲ್ಲಾಕ ಬಂದೀರೋ?"

"ಬೆನ್ನು ಕೊಯ್ದ್ರ ಹಾಳಿ ಬಿಡಿ ಆಗ್ತಾವ್ರಿ. ಆಮ್ಯಾಲೆ ಮಶೀನ ತಾನ ಎಳಕೊಂತೈತಿ. ಭಾಳ ಕಡೆ ಹಿಂಗ ಮಾಡ್ತಾರ."

"ಆಮ್ಯಾಲೆ ಆ ಹಾಳಿ?"

ಅವನು ಚಾಕುವನ್ನು ಮೇಜಿನ ಮೇಲಿಟ್ಟ. ತಗ್ಗಿದ ದನಿಯಲ್ಲಿ, "ರದ್ದಿಗಿ..." ಅಂದ.

ಶಹನಾಜಳ ಕಣ್ಣು ತುಂಬಿ ಬಂತು.

"ಈ ಪುಸ್ತಕ ನಮ್ಮ ಅಬ್ಬಾ ಹೊಲಿದದ್ದು. ಇದೊಂದ ಅಲ್ಲ, ಈ ಕಪಾಟಿನ್ಯಾಗ ಇರೋವೆಲ್ಲಾ ಅವ್ರು ಹೊಲಿದದ್ದ. ಇನ್ನೊಂದು ಪುಸ್ತಕಕ್ಕ ಚಾಕು ಹಚ್ಚಿದ್ರ, ಅಂಗೈ ಅಲ್ಲ, ಪೂರಾ ಕೈನ ಹೋಗ್ತೈತಿ. ತಿಳೀತಿಲ್ಲೋ?"

ಹುನಗುಂದದ ಆ ಹಳೆಯ ವಾಚನಾಲಯವನ್ನು ನೋಡಿಕೊಳ್ಳುವವಳು ಶಹನಾಜ. ಅವಳ ತಂದೆ ಜಾಫರಸಾಬ ಊರಿನ ಬುಕ್ ಬೈಂಡರು. ಮೈದಾ ಅಂಟಿಗೆ ಹುಳ ಬೀಳದಂತೆ ಮೈಲುತುತ್ತ ಬೆರೆಸಿ, ದಬ್ಬಣದಲ್ಲಿ ಒಂದೊಂದೇ ಮಡಿಕೆ ಹೊಲಿದು, ಹರಿದುಹೋದ ಪುಸ್ತಕಗಳಿಗೆ ಮತ್ತೆ ಜೀವ ಕೊಟ್ಟವರು. ಈಗ ಅವರಿಗೆ ಕಣ್ಣು ಮಂಜು. ಬೆರಳಲ್ಲಿ ಮುಟ್ಟಿಯೇ ಎಲ್ಲವನ್ನೂ ತಿಳಿಯಬೇಕು.

ವಾಚನಾಲಯವಾದರೂ ಮೊದಲಿನ ಹಾಗೆ ಎಲ್ಲಿತ್ತು? ಕಾದಂಬರಿ ಕೇಳಿಕೊಂಡು ಬರುವವರು ಬೆರಳೆಣಿಕೆ. ಹುಡುಗರು ಬರುತ್ತಿದ್ದುದು ವೈಫೈಗೆ. ಪರೀಕ್ಷೆಗೆ ಓದುವವರು ಪುಸ್ತಕವನ್ನೂ ಮೊಬೈಲಲ್ಲೇ ತರುತ್ತಿದ್ದರು, ಅವರಿಗೆ ಬೇಕಾದದ್ದು ಫ್ಯಾನು ಮತ್ತು ಕುರ್ಚಿ. ಅದಕ್ಕೇ ಕಮಿಟಿಯವರು ಎಲ್ಲಾ ಪುಸ್ತಕವನ್ನು ಕಂಪ್ಯೂಟರಿಗೆ ಹಾಕಿಸಿ, ಕಪಾಟು ತೆಗೆದು, ಇನ್ನಷ್ಟು ಕುರ್ಚಿ ಹಾಕುವ ಲೆಕ್ಕದಲ್ಲಿದ್ದರು. ಗುತ್ತಿಗೆ ಹಿಡಿದವನು ಶ್ರೀಶೈಲ. ನವೀದ ಅವನ ಕೈಕೆಳಗಿನ ಕೆಲಸಗಾರ.

'ಈ ಕಪಾಟು ಖಾಲಿಯಾದರೆ ಅಬ್ಬಾ ಬದುಕುವುದಿಲ್ಲ' ಎಂದುಕೊಂಡಳು ಶಹನಾಜ. ಅವಳ ಹೋರಾಟವೆಲ್ಲ ಇದ್ದದ್ದು ಅಷ್ಟಕ್ಕೇ.

ಮರುದಿನ ನವೀದ ಬರಲಾರ ಎಂದು ಅವಳು ತಿಳಿದಿದ್ದಳು. ಆದರೆ ಅವನು ಅವಳಿಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದ. ಅಂಗೈಗೆ ದಪ್ಪನೆಯ ಪಟ್ಟಿ.

"ಹೊಲಿದದ್ದನ್ನ ಬಿಚ್ಚಾಕ ಬರ್ತೈತೇನ್ರಿ?" ಎಂದು ಕೇಳಿದ. "ಕೊಯ್ಯೋದು ಬ್ಯಾಡ. ಬಿಚ್ಚೋಣ, ಸ್ಕ್ಯಾನ್ ಮಾಡೋಣ, ಮತ್ತ ಹೊಲಿಯೋಣ. ಹೆಂಗ ಅಂತ ನೀವು ಕಲಿಸಿದ್ರ."

"ನಿಮ್ಮ ಸಾಹೇಬ ಒಪ್ಪತಾನೇನು?"

"ಅವಂಗ ನಾ ಹೇಳ್ತೇನಿ. ನೀವು ಹೊಡಿಯಂಗಿಲ್ಲ ಅಂದ್ರ ಆತು."

ನಗಬಾರದು ಎಂದುಕೊಂಡಳು. ನಕ್ಕುಬಿಟ್ಟಳು.

ಹೀಗೆ ಕೆಲಸ ಶುರುವಾಯಿತು. ಶಹನಾಜ ಬ್ಲೇಡಿನ ತುದಿಯಿಂದ ದಾರವನ್ನಷ್ಟೇ ಕತ್ತರಿಸಿ ಮಡಿಕೆಗಳನ್ನು ಬಿಡಿಸುವಳು. ನವೀದ ಒಂದೊಂದು ಹಾಳೆಯನ್ನೂ ಗಾಜಿನ ಮೇಲೆ ಹಾಸಿ ಸ್ಕ್ಯಾನ್ ಮಾಡುವನು. ಸಂಜೆಗೆ ಗಂಟನ್ನು ಜಾಫರಸಾಬರ ಅಂಗಡಿಗೆ ಒಯ್ದು ಮೂವರೂ ಕೂತು ಹೊಲಿಯುವರು. ಗಾಯದ ಕೈಯಲ್ಲೇ ನವೀದ ದಬ್ಬಣ ಹಿಡಿಯುವುದನ್ನು ಕಲಿತ.

ಜಾಫರಸಾಬರು ಅವನ ಹೊಲಿಗೆಯ ಮೇಲೆ ಬೆರಳಾಡಿಸಿ ಹಿಗ್ಗುತ್ತಿದ್ದರು. "ಅಶ್ಫಾಕ, ನೋಡಲೇ ಈ ಹುಡುಗನ ಕೈ! ನಿನಗ ಇಷ್ಟು ವರ್ಷ ಕಲಿಸಿದ್ರೂ ಹಿಂಗ ಬರಲಿಲ್ಲ."

ಮೂಲೆಯ ಕಟಿಂಗ್ ಮಶೀನಿನ ಪಕ್ಕ ಕೂತು ಅಂಟು ಕಲಸುತ್ತಿದ್ದ ಅಶ್ಫಾಕ, ಶಹನಾಜಳ ಅಣ್ಣ, ತಲೆ ಎತ್ತುತ್ತಿರಲಿಲ್ಲ. ಅವನ ದವಡೆ ಮಾತ್ರ ಬಿಗಿಯುತ್ತಿತ್ತು. ಪ್ರೀತಿಯ ಗುಂಗಿನಲ್ಲಿದ್ದವರಿಗೆ ಅದೆಲ್ಲ ಎಲ್ಲಿ ಕಾಣಬೇಕು?

ಹೌದು, ಪ್ರೀತಿ. ಶಹನಾಜ ಅದಕ್ಕಿನ್ನೂ ಆ ಹೆಸರಿಟ್ಟಿರಲಿಲ್ಲ, ಅಷ್ಟೇ.

"ಈ ಕೆಲಸಕ್ಕ ಎದಕ ಬಂದ್ರಿ ನೀವು?" ಎಂದು ಒಂದು ದಿನ ಕೇಳಿದಳು.

"ನಮ್ಮದು ಹಳೇ ಬಾಗಲಕೋಟಿರಿ. ಹಿನ್ನೀರು ಬರ್ತೈತಂತ ಊರು ಎತ್ತಿದಾಗ ನಾ ಸಣ್ಣಾಂವ. ನಮ್ಮ ಓಣ್ಯಾಗ ಒಂದು ಸಣ್ಣ ವಾಚನಾಲಯ ಇತ್ತು. ಎಲ್ಲಾರೂ ತಮ್ಮ ತಮ್ಮ ಕಪಾಟು, ಬಾಗಲಾ ಕಿತಗೊಂಡು ಹೋದ್ರು. ಪುಸ್ತಕದ ಗಂಟು ಅಂಗಳದಾಗ ಉಳದ್ವು. ಮಳಿಗೆ ನೆಂದು, ಉಬ್ಬಿ, ನಾರಿದ್ವು. ನಮ್ಮಜ್ಜ ಒಂದು ಪುಸ್ತಕ ಎತ್ತಿದ್ರ ಕೈಯಾಗ ಕಿಚಡಿ ಆಗಿ ಬಂತು."

ಅವನು ಒಂದು ಹಾಳೆಯನ್ನು ಮೆಲ್ಲಗೆ ಗಾಜಿನ ಮೇಲೆ ಹಾಸಿದ.

"ಹಾಳಿ ಹೋಗೋದ ಖರೇರಿ. ಅದರಾಗಿನ ಮಾತು ಹೋಗಬಾರ್ದು."

ಶಹನಾಜ ತಾನು ಹೊಡೆದ ಕೆನ್ನೆಯನ್ನೇ ನೋಡುತ್ತಾ ಕೂತಳು.

ಅವಳ ಮನಸ್ಸನ್ನು ಪೂರ್ತಿ ಕರಗಿಸಿದವರು ಗುರುಲಿಂಗವ್ವ. ನಿವೃತ್ತ ಶಿಕ್ಷಕಿ. ಕಣ್ಣು ಮಂದವಾಗಿ ಓದು ಬಿಟ್ಟರೂ ವಾಚನಾಲಯಕ್ಕೆ ಬರುವುದನ್ನು ಬಿಟ್ಟಿರಲಿಲ್ಲ. ಸುಮ್ಮನೆ ಬಂದು, ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂರುವರು. ನವೀದ ಅವರ ಕೈಗೆ ಟ್ಯಾಬ್ ಕೊಟ್ಟು, ಎರಡು ಬೆರಳಿಂದ ಹಾಳೆಯನ್ನು ಹಿಗ್ಗಿಸಿ ತೋರಿಸಿದ.

"ಅಯ್ಯ ನನ್ನ ಯವ್ವಾ! ಅಕ್ಷರ ಎದ್ದು ಬಂದ್ವಲ್ಲ!"

ಗುರುಲಿಂಗವ್ವ ಅವತ್ತು ಊಟಕ್ಕೂ ಏಳಲಿಲ್ಲ. ಓದುತ್ತಾ ಓದುತ್ತಾ ಒಮ್ಮೆ ನಕ್ಕರು, ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಶಹನಾಜ ಅದನ್ನೇ ನೋಡುತ್ತಾ ನಿಂತಳು.

'ನಾ ಇಷ್ಟು ದಿನ ಪುಸ್ತಕ ಕಾಯುತ್ತಿದ್ದೆ. ಓದುವವರನ್ನು ನೋಡಲೇ ಇಲ್ಲವಲ್ಲ...'

ಆ ಶನಿವಾರ ಬೀಗ ಹಾಕುವಾಗ ನವೀದ ಬಾಗಿಲ ಬಳಿ ನಿಂತ.

"ಕೆಲಸ ಮುಗದ ಮ್ಯಾಲೂ ನಾ ಹುನಗುಂದಕ್ಕ ಬರಬೇಕಂದ್ರ ಏನ್ ನೆಪ ಹೇಳ್ಲಿರಿ?"

"ಪುಸ್ತಕ ಒಯ್ರಿ," ಅಂದಳು ಬೀಗದ ಕಡೆಗೇ ನೋಡುತ್ತಾ. "ತಿರುಗಿ ಕೊಡಾಕರೆ ಬರಬೇಕಾಗ್ತೈತಲ್ಲ."

"ಒಂದ ಪುಸ್ತಕ ಕೊಡ್ತೀರೋ, ಭಾಳ ಕೊಡ್ತೀರೋ?"

"ಒಮ್ಮೆಗೆ ಒಂದ!"

ಓಡಿಹೋದಳು. ಮನೆ ಮುಟ್ಟುವ ತನಕ ಕೆನ್ನೆ ಬಿಸಿಯಾಗಿಯೇ ಇತ್ತು.

ಸೋಮವಾರ ವಾಚನಾಲಯಕ್ಕೆ ರಜೆ. ಶಹನಾಜ ಅಬ್ಬಾನನ್ನು ಕಣ್ಣು ತೋರಿಸಲು ಬಾಗಲಕೋಟೆಗೆ ಕರೆದೊಯ್ದಿದ್ದಳು. ನವೀದ ಮಶೀನಿನ ಯಾವುದೋ ಕೇಬಲ್ ತರಲು ಇಳಕಲ್ಲಿಗೆ ಹೋಗುವವನಿದ್ದ. ಮಧ್ಯಾಹ್ನ ತಂದೆ ಮಗಳು ಹುನಗುಂದಕ್ಕೆ ಬಂದು ಬಸ್ ಇಳಿದಾಗ ಜಾಫರಸಾಬರು ಹಟ ಹಿಡಿದರು.

"ವಾಚನಾಲಯಕ್ಕ ಹೋಗೋಣ ನಡಿ. ಆ ಹುಡುಗ ಬಂದಿದ್ರ ಪುಸ್ತಕದ ಬೆನ್ನು ದುಂಡ ಮಾಡೋದು ತೋರಸ್ತೇನಿ."

ಬಾಗಿಲು ಹಾರು ಹೊಡೆದಿತ್ತು.

ಒಳಗೆ ಕಾಲಿಟ್ಟ ಶಹನಾಜ ಅಲ್ಲೇ ನಿಂತುಬಿಟ್ಟಳು. ಮೇಜಿನ ಮೇಲೆ, ನೆಲದ ಮೇಲೆ, ಕುರ್ಚಿಗಳ ಮೇಲೆ... ಎಲ್ಲೆಲ್ಲೂ ಬೆನ್ನು ಕೊಯ್ದ ಪುಸ್ತಕಗಳು! ರಟ್ಟು ಒಂದು ಕಡೆ, ಹಾಳೆಗಳ ಕಟ್ಟು ಒಂದು ಕಡೆ. ಅಬ್ಬಾನ ದಾರ ಇನ್ನೂ ಅಂಟಿಕೊಂಡಿದ್ದ ಬೆನ್ನಿನ ಪಟ್ಟಿಗಳು ಒಂದು ಚೀಲದ ತುಂಬ. ಅವುಗಳ ನಡುವೆ ನವೀದ ಮೊಣಕಾಲೂರಿ ಕೂತಿದ್ದ. ಅವನ ಎರಡೂ ಕೈಯಲ್ಲಿ ಹಾಳೆ. ಅವನ ಪಕ್ಕದಲ್ಲಿ ಅಶ್ಫಾಕ ನಿಂತಿದ್ದ.

"ಏನ ಇದು...?" ಅಂದಳು.

ಜಾಫರಸಾಬರು ಒಂದು ಕೈಯನ್ನು ಮಗಳ ಹೆಗಲ ಮೇಲಿಟ್ಟು, ಇನ್ನೊಂದು ಕೈಯಿಂದ ಮೇಜನ್ನು ತಡವಿದರು. ಹಾಳೆಯ ಕಟ್ಟೊಂದು ಸಿಕ್ಕಿತು. ಎತ್ತಿದರು. ಎತ್ತಿದ್ದೇ ಹಾಳೆಗಳು ಕೈಯಿಂದ ಜಾರಿ ಉದುರಿದವು.

"ಯಾರು?" ಅಂದರು ಮುದುಕ. "ಯಾರ ಮಾಡಿದ್ದು?"

ಅಶ್ಫಾಕ ಒಂದು ಹೆಜ್ಜೆ ಹಿಂದೆ ಸರಿದ. ನವೀದ ಅವನನ್ನೊಮ್ಮೆ ನೋಡಿದ. ಆಮೇಲೆ ಜಾಫರಸಾಬರ ಕೈಯಲ್ಲಿ ಉಳಿದ ಹಾಳೆ ನೋಡಿದ.

"ನಾನ ಸಾಬ್ರ," ಅಂದ ನವೀದ.

ಕಡ್ಡಿ ಮುರಿದ ಹಾಗೆ ಅಷ್ಟೇ ಮಾತು!

ಜಾಫರಸಾಬರು ಕೈಗೆ ಸಿಕ್ಕ ಇನ್ನೊಂದು ಕಟ್ಟನ್ನು ದನಿ ಬಂದ ಕಡೆಗೆ ಬೀಸಿ ಒಗೆದರು. ಅದು ಅವನ ಎದೆಗೆ ಬಡಿದು ಚೆಲ್ಲಾಪಿಲ್ಲಿಯಾಯಿತು. ಶಹನಾಜ ಮುಂದೆ ಬಂದಳು.

"ನಾ ನಿಮ್ಮನ್ನ ನಂಬಿದ್ದೆ... ನಂಬಿದ್ದೆ! ಮೊದಲನೇ ದಿನ ಚಾಕು ಹಿಡದ ಕೈ ಅದು. ನಾ ಹುಚ್ಚಿ, ಆ ಕೈಗೆ ದಬ್ಬಣ ಕೊಟ್ಟೆ!"

ಅವಳ ಏಟು ಬಿತ್ತು. ಮತ್ತೊಂದು ಬಿತ್ತು. ಅವನು ಮುಖವನ್ನೂ ತಿರುಗಿಸಲಿಲ್ಲ. ಅವನ ತುಟಿ ಒಡೆದು ರಕ್ತ ಗದ್ದಕ್ಕೆ ಇಳಿದಿತ್ತು. ತನ್ನ ಏಟಿನಿಂದಲೇ ಎಂದುಕೊಂಡಳು.

ಅಷ್ಟರಲ್ಲಿ ಅಶ್ಫಾಕ ಮೇಜಿನ ಮೇಲಿದ್ದ ಕಬ್ಬಿಣದ ಪಟ್ಟಿ ಎತ್ತಿಕೊಂಡ. ಹಾಳೆಗಳು ಹಾರದಂತೆ ಭಾರಕ್ಕಿಡುವ ದಪ್ಪ ಪಟ್ಟಿ.

"ನಮ್ಮ ಅಬ್ಬಾನ ಕಣ್ಣಾಗ ನೀರು ಹಾಕಸ್ತೀಯೇನಲೇ!"

ಮೊದಲ ಏಟು ಭುಜಕ್ಕೆ. ನವೀದ ಮಗ್ಗುಲಾಗಿ ಬಿದ್ದ. ಎರಡನೆಯದು ಪಕ್ಕೆಗೆ. ಉಸಿರು ಸಿಕ್ಕಿಕೊಂಡು ಅವನು ಮೀನಿನ ಹಾಗೆ ಬಾಯಿ ಬಿಟ್ಟ. ಅಶ್ಫಾಕ ಹೊಡೆಯುತ್ತಲೇ ಇದ್ದ. ಅವನ ಕಣ್ಣಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. ತಲೆ ಉಳಿಸಿಕೊಳ್ಳಲು ನವೀದ ಬಲಗೈ ಎತ್ತಿದ. ಪಟ್ಟಿ ಮಣಿಕಟ್ಟಿನ ಮೇಲೆ ಇಳಿಯಿತು.

ಎಲುಬು ಮುರಿದ ಸದ್ದು ಶಹನಾಜಳಿಗೆ ಕೇಳಿಸಿತು.

ನವೀದ ಕೂಗಲಿಲ್ಲ. ನೆಲದ ಮೇಲಿಂದ ಅವಳ ಮುಖವನ್ನೇ ನೋಡಿದ. 'ಸಾಕು' ಎಂಬ ಒಂದು ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಅವಳು ಆಡಲಿಲ್ಲ. ಮುಖ ಗೋಡೆಗೆ ತಿರುಗಿಸಿದಳು.

"ಬಿಡಲೇ, ಸತ್ತಾನು!" ಎಂದು ಜಾಫರಸಾಬರೇ ಕೂಗಿದರು.

ನವೀದ ಗೋಡೆ ಹಿಡಿದು ಎದ್ದ. ಮುರಿದ ಕೈಯನ್ನು ಎದೆಗೆ ಅವಚಿಕೊಂಡು, ಒಬ್ಬನೇ, ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ.

ಕೊಯ್ದ ಪುಸ್ತಕಗಳನ್ನೆಲ್ಲ ಜಾಫರಸಾಬರು ಚೀಲಗಳಲ್ಲಿ ತುಂಬಿಸಿ ಅಂಗಡಿಗೆ ತರಿಸಿದರು. ಊಟ ಬಿಟ್ಟರು. ಮಾತು ಬಿಟ್ಟರು. ಹೆಣದ ಮುಂದೆ ಕೂತ ಹಾಗೆ ಚೀಲಗಳ ಮುಂದೆ ಕೂತುಬಿಟ್ಟರು. ಅವರ ಹೆಂಡತಿ ಜುಲೇಖಾ ತಟ್ಟೆ ತಂದಿಟ್ಟು, ಹಾಗೇ ಎತ್ತಿಕೊಂಡು ಹೋಗುತ್ತಿದ್ದಳು.

ಶಹನಾಜಳಿಗೂ ಅನ್ನ ಸೇರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ನೆಲದ ಮೇಲಿಂದ ನೋಡುತ್ತಿದ್ದ ಆ ಕಣ್ಣುಗಳು.

'ಮೋಸಗಾರ! ಅವನಿಗೆ ಆಗಬೇಕಾದದ್ದೇ ಆಯಿತು...' ಎಂದುಕೊಳ್ಳುತ್ತಿದ್ದಳು. 'ಆದರೆ ಮೋಸಗಾರ ಹಾಗೆ ಯಾಕೆ ನೋಡಿದ?'

ಒಂದು ಬೆಳಿಗ್ಗೆ ಜಾಫರಸಾಬರು ಚೀಲ ಬಿಚ್ಚಿದರು. ಕಟ್ಟು ಎತ್ತಿಕೊಂಡು ಹಾಳೆಗಳ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ಬೆರಳು ಒಂದೆಡೆ ತಡೆದು ನಿಂತಿತು. ಮತ್ತೆ ಎಳೆದರು. ಇನ್ನೊಂದು ಕಟ್ಟು ಎತ್ತಿದರು, ಮತ್ತೊಂದು ಎತ್ತಿದರು. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು.

"ಶಹನಾಜ... ಇಲ್ಲಿ ಬಾ. ಬೆರಳು ಇಡು."

ಅಂಚಿನಲ್ಲಿ ಒಂದೇ ಜಾಗದಲ್ಲಿ ಸಣ್ಣ ಗೆರೆ ಎದ್ದಿತ್ತು. ಎಲ್ಲಾ ಪುಸ್ತಕಕ್ಕೂ ಅದೇ ಜಾಗದಲ್ಲಿ.

"ಚಾಕೂಲೆ ಕೊಯ್ದದ್ದಲ್ಲ ಇದು. ಕಟಿಂಗ್ ಮಶೀನಿಂದು. ಅಲಗು ಒಂದು ಕಡೆ ಮುಕ್ಕಾಗೈತಿ." ಅವರ ದನಿ ಒಡೆಯಿತು. "ಆ ಮುಕ್ಕು ಮಾಡಿದಾಂವ ನಾನ. ಒಮ್ಮೆ ಪುಸ್ತಕದಾಗಿನ ಪಿನ್ನು ನೋಡಲಾರದ ಕೊಯ್ದಿದ್ದೆ. ಇದು ನಮ್ಮ ಅಂಗಡಿ ಮಶೀನು."

ಅಂಗಡಿಯ ಮೂಲೆಯಲ್ಲಿದ್ದ ಕಟಿಂಗ್ ಮಶೀನಿನ ಕಡೆ ಶಹನಾಜ ತಿರುಗಿ ನೋಡಿದಳು. ಅದರ ಪಕ್ಕದಲ್ಲೇ ಅಶ್ಫಾಕ ನಿಂತಿದ್ದ. ಅವನು ಓಡಲಿಲ್ಲ.

"ಅಶ್ಫಾಕ," ಅಂದರು ಜಾಫರಸಾಬರು. "ನಾವು ದವಾಖಾನಿಗಿ ಹೋದ ದಿನ ಅಂಗಡ್ಯಾಗ ಯಾರಿದ್ರು?"

"ಅಬ್ಬಾ..."

"ಯಾರಿದ್ರು!"

"ನಾ ಇದ್ದೆ!" ಅಶ್ಫಾಕ ಚೀರಿದ. "ನಾನ ಕೊಯ್ದೆ! ಆ ಶ್ರೀಶೈಲ ಬಂದಿದ್ದ. ಬಿಚ್ಚಿ ಹೊಲಕೋತ ಕುಂತ್ರ ಕೆಲಸ ಮುಗಿಯಂಗಿಲ್ಲ, ಸ್ಕ್ಯಾನ್ ಆದ ಮ್ಯಾಲೆ ಪುಸ್ತಕ ಎದಕ ಬೇಕು, ಅಂದ. ನನಗೂ ಖರೆ ಅನಿಸ್ತು. ಯಾರ ಓದ್ತಾರ ಅವನ್ನ? ಮನ್ಯಾಗಿದ್ದ ಕೀಲಿ ಒಯ್ದು ಪುಸ್ತಕ ಇಲ್ಲಿ ತಂದೆ, ಕೊಯ್ದು ಸ್ಕ್ಯಾನಿಂಗಿಗಿ ತಿರುಗಿ ಅಲ್ಲೇ ಒಯ್ದೆ. ದಿನಾ ಅಂಟು ಕಲಸ್ಕೋತ ಕುಂತವ ನಾ. ಹೊಗಳಿಸ್ಕೊಳ್ಳಾಂವ ಅಂವ! ನಿನ್ನೆ ಮೊನ್ನೆ ಬಂದಾಂವ! ನನ್ನ ಹೊಲಿಗಿ ಒಂದರೆ ದಿನ ಚಂದ ಐತಿ ಅಂದೀರೇನು ನೀವು?"

ಜಾಫರಸಾಬರ ಕೈಗೆ ಕೊಡತಿ ಸಿಕ್ಕಿತು. ಪುಸ್ತಕದ ಬೆನ್ನು ಬಡಿಯುವ ಮರದ ಕೊಡತಿ. ಕಣ್ಣು ಕಾಣದಿದ್ದರೂ ಏಟು ಗುರಿ ತಪ್ಪಲಿಲ್ಲ. ಮಗನ ಹೆಗಲಿಗೆ ಬಿತ್ತು. ಅಶ್ಫಾಕ ಗೋಡೆಗೆ ಅಪ್ಪಳಿಸಿ ಕುಸಿದ. ಮುದುಕ ಮತ್ತೆ ಎತ್ತಿದರು. ಈ ಸಲ ತಲೆಯ ಕಡೆಗೆ.

"ಅಬ್ಬಾ, ಸಾಕು!"

ಶಹನಾಜ ಎರಡೂ ಕೈಯಿಂದ ಕೊಡತಿ ಹಿಡಿದುಕೊಂಡು ಜೋತುಬಿದ್ದಳು. ಅವತ್ತು ಆಡಬೇಕಾಗಿದ್ದ ಮಾತು ಇವತ್ತು ಬಾಯಿಗೆ ಬಂದಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಕೊಡತಿ ಕೆಳಗೆ ಬಿತ್ತು. ಜಾಫರಸಾಬರು ಚೀಲಗಳ ಮೇಲೆ ಕುಸಿದು ಮಗುವಿನ ಹಾಗೆ ಅತ್ತರು.

"ನವೀದ?" ಅಣ್ಣನ ಕಾಲರು ಹಿಡಿದು ಎಳೆದಳು ಶಹನಾಜ. "ಅಂವ ಏನ್ ಮಾಡಿದ? ಪೂರಾ ಹೇಳು!"

"ಇಳಕಲ್ಲಿಂದ ಬಂದು ನೋಡಿ ಶ್ರೀಶೈಲನ ಎದಿ ಮ್ಯಾಲಿನ ಅಂಗಿ ಹಿಡದ. ಶ್ರೀಶೈಲ ಅವನ ಬಾಯಿ ಒಡದು ಗಾಡಿ ಹತ್ತಿ ಹೋದ. ಆಮ್ಯಾಲೆ ಅಂವ ನನ್ನ ಕೈ ಹಿಡಕೊಂಡ..." ಅಶ್ಫಾಕ ಬಿಕ್ಕಿದ. "ಅಬ್ಬಾಗ ಗೊತ್ತಾಗೋದು ಬ್ಯಾಡ, ಸತ್ತಹೋಗ್ತಾರ, ಅಂದ. ನೀವು ಬಂದ್ರಿ. ಅಂವ ಮಾತು ಬದಲ್ಸಿದ್ರ ಹೆಂಗ ಅಂತ ನಾ ಅಂಜಿದೆ. ಅದಕ್ಕ ಹೊಡದೆ. ಅಂಜಿ ಹೊಡದೆ ಶಹನಾಜ..."

ಅವನ ತುಟಿ ಮೊದಲೇ ಒಡೆದಿತ್ತು! ತಾನು ಹೊಡೆಯುವ ಮೊದಲೇ. ಅವಳು ನೋಡಿದ್ದಳು, ಕೇಳಿರಲಿಲ್ಲ.

ಅವನು ಎಲ್ಲಿದ್ದಾನೆಂದು ತಿಳಿಯಲು ಮೂರು ದಿನ ಹಿಡಿಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ವಾರ್ಡಿನ ಬಾಗಿಲಿಗೆ ಅಡ್ಡ ನಿಂತವಳು ನವೀದನ ತಂಗಿ ತಸ್ಲೀಮಾ.

"ಯಾರು ನೀ?"

"ಶಹನಾಜ. ಹುನಗುಂದ..."

ಮಾತು ಮುಗಿಯುವ ಮೊದಲೇ ಏಟು ಬಿತ್ತು. ಶಹನಾಜಳ ಕಿವಿ ಗುಂಯ್ ಎಂದಿತು.

"ನನ್ನ ಅಣ್ಣನ ಬಲಗೈ ಅದು! ಕಂಪ್ಯೂಟರ್ ಮುಟ್ಟೋ ಕೈ! ಇನ್ನೇನ್ ಮುರಿಯಾಕ ಬಂದೀ? ಕಾಲೇನು?"

"ಇನ್ನೊಂದು ಹೊಡೀರಿ," ಅಂದಳು ಶಹನಾಜ. ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. "ಹೊಡೀರಿ, ನಾ ಹೋಗಾಕ ಬಂದಿಲ್ಲ."

"ತಸ್ಲೀಮಾ," ಒಳಗಿಂದ ದನಿ ಬಂತು. "ಬಿಡು. ಒಳಗ ಬರ್ಲಿ."

ಮುಖದ ತುಂಬ ಹಸಿರುಗಟ್ಟಿದ ಕಲೆ. ಕೈ ಮೊಣಕೈವರೆಗೂ ಪ್ಲಾಸ್ಟರಿನಲ್ಲಿ. ಅವನು ಅವಳ ಕಡೆ ನೋಡಲಿಲ್ಲ.

"ಯಾಕ ಹೇಳಲಿಲ್ಲ?" ಎಂದಳು ಮಂಚದ ಕಾಲ ಬಳಿ ನಿಂತು.

"ನಿಮ್ಮ ಅಬ್ಬಾ ನಿಂತಿದ್ರು. ಕೈಯಾಗ ಹಾಳಿ ಹಿಡದು. ನಿಮ್ಮ ಮಗಾನ ಕೊಯ್ದಾನ ಅಂತ ಹೆಂಗ ಹೇಳ್ಲಿ? ನಾ ಹೊರಗಿನಾಂವ. ಬೈಸ್ಕೊಂಡು ಹೋದ್ರ ಮುಗೀತು, ಅಂದ್ಕೊಂಡೆ."

"ನನಗರೆ ಹೇಳಬಹುದಿತ್ತು!"

"ಕೇಳಿದ್ರ ಹೇಳ್ತಿದ್ದೆ."

ಕಬ್ಬಿಣದ ಪಟ್ಟಿಯೂ ಅಷ್ಟು ಜೋರಾಗಿ ಬೀಳುತ್ತಿರಲಿಲ್ಲ. ಶಹನಾಜ ಮಂಚದ ಸರಳು ಹಿಡಿದುಕೊಂಡಳು.

"ಕೈ ಮುರದದ್ದಕ್ಕ ನೋವಿಲ್ಲರಿ," ಅವನು ಕಿಟಕಿಯ ಕಡೆ ತಿರುಗಿದ. "ಎಲುಬು ಕೂಡ್ಕೊಂತೈತಿ. ನೀವು ಮುಖಾ ತಿರಿವಿದ್ರಲ್ಲ... ಅದ ಕಣ್ಣಾಗಿಂದ ಹೋಗವಲ್ದು."

"ಹೌದು. ಸಾಕು ಅಂತ ಒಂದ ಮಾತು ಅಂದಿದ್ರ ಅಂವ ಬಿಡ್ತಿದ್ದ. ನಾ ಅನಲಿಲ್ಲ. ಅಂವ ಅಂಜಿ ಹೊಡದ, ನಾ ತಿಳದ ಸುಮ್ನಿದ್ದೆ. ನನ್ನದ ದೊಡ್ಡ ತಪ್ಪು. ಹೊಟ್ಟಿಗಿ ಹಾಕ್ಕೋರಿ ಅಂತ ಕೇಳಾಕ ನನಗ ಬಾಯಿಲ್ಲ." ಅವಳ ಕಣ್ಣೀರು ಈಗ ಧಾರಾಕಾರ. "ಹೋಗು ಅಂದ್ರ ಹೋಗ್ತೇನಿ. ಆದ್ರ ಒಂದು ಮಾತು ಹೇಳೇ ಹೋಗ್ತೇನಿ. ನನಗ ನಿಮ್ಮ ಮ್ಯಾಲೆ ಮನಸೈತಿ. ಮೊದಲನೇ ದಿನ ಹೊಡದಾಗ ಇರಲಿಲ್ಲ. ಎರಡನೇ ಸಲ ಹೊಡದಾಗ ಇತ್ತು. ಇತ್ತು ಅಂತನ ಅಷ್ಟು ಜೋರ ಹೊಡದೆ!"

ನವೀದನ ಕಣ್ಣಂಚಿನಿಂದ ಒಂದು ಹನಿ ದಿಂಬಿಗೆ ಇಳಿಯಿತು.

"ಆ ಪುಸ್ತಕ... ರದ್ದಿಗಿ ಹೋದ್ವೇನು?"

"ಇಲ್ಲ. ಅಬ್ಬಾ ಹೊಲಿಯಾಕತ್ತಾರ. ಬೆನ್ನಿಲ್ಲಲ್ಲ, ಬಾಜೂಕ ತೂತು ಹಾಕಿ ಹೊಲಿಯೋದು. ಪೂರಾ ಅಗಲ ತೆರಿಯಂಗಿಲ್ಲ, ಓದಾಕರೆ ಬರ್ತೈತಿ. ಅಶ್ಫಾಕ ತೂತು ಹಾಕಿ ಕೊಡ್ತಾನ. ಅಬ್ಬಾ ಅವನ ಕೂಡ ಮಾತಾಡವಲ್ರು, ಆದ್ರ ಅಂವ ಕೊಟ್ಟದ್ದನ್ನ ಇಸ್ಕೊಂತಾರ."

"ಕಮಿಟಿಯವ್ರು?"

"ಗುರುಲಿಂಗವ್ವ ಮೀಟಿಂಗಿಗಿ ಹೋಗಿ ಕುಂತ್ರು. ಶ್ರೀಶೈಲನ್ನ ಬಿಡಿಸ್ರಿ, ಬಿಚ್ಚಿ ಹೊಲಿಯೋ ಹುಡುಗನ್ನ ಕರಸ್ರಿ, ಕಪಾಟೂ ಇರ್ಲಿ, ಟ್ಯಾಬೂ ಇರ್ಲಿ, ಅಂತ ಹಟಾ ಹಿಡದು ಒಪ್ಪಿಸ್ಯಾರ. ಅದು ಇರ್ಲಿ. ನೀವು ಪೊಲೀಸ್ ಕಂಪ್ಲೇಂಟ್ ಕೊಡ್ರಿ. ನಾ ಸಾಕ್ಷಿ ಹೇಳ್ತೇನಿ. ಅಣ್ಣ ಆದ್ರೂ ಹೇಳ್ತೇನಿ."

"ಏಣಿ ಮ್ಯಾಲಿಂದ ಬಿದ್ದೇನಿ ಅಂತ ಡಾಕ್ಟರ್ ಕಡೆ ಬರಸೇನಿ."

"ಮತ್ತ ಸುಳ್ಳು!" ಶಹನಾಜ ಸೆಟೆದು ನಿಂತಳು. ಹಳೆಯ ಶಹನಾಜ ಒಂದು ಕ್ಷಣಕ್ಕೆ ತಿರುಗಿ ಬಂದಿದ್ದಳು. "ಇನ್ನೊಮ್ಮೆ ನಮ್ಮ ಮನಿ ಸಲುವಾಗಿ ಸುಳ್ಳು ಹೇಳಿದ್ರ ನಾನ ಹೊಡೀತೇನಿ ನೋಡ್ರಿ! ಅಶ್ಫಾಕ ತಾನ ಠಾಣೆಕ್ಕ ಹೋಗಾಕ ತಯಾರದಾನ. ಖರೆ ಇದ್ದದ್ದು ಖರೆ ಆಗ್ಲಿ."

ನವೀದ ಈಗ ಅವಳ ಕಡೆ ತಿರುಗಿದ. ಒಡೆದ ತುಟಿಯ ಮೇಲೆ ನಗು ಬಂತು, ನೋವಿಗೆ ಮುಖ ಕಿವುಚಿಕೊಂಡ. ಮತ್ತೆ ನಕ್ಕ.

"ಆತು, ಖರೇನ ಹೇಳ್ತೇನಿ. ಶ್ರೀಶೈಲಂದೂ ಹೇಳ್ತೇನಿ." ಗಾಯದ ಗುರುತಿದ್ದ ಎಡಗೈಯನ್ನು ಹಾಸಿಗೆಯ ಮೇಲೆ ಅಂಗೈ ಮೇಲಾಗಿ ಇಟ್ಟ. ಶಹನಾಜ ಅದರ ಮೇಲೆ ತನ್ನ ಕೈ ಇಟ್ಟಳು. ಅವನು ಮೆಲ್ಲಗೆ ಮುಚ್ಚಿ ಹಿಡಿದ.

"ಒಂದು ಮಾತು ಕೇಳ್ಲೇನು?" ಅಂದ.

"ಕೇಳ್ರಿ."

"ನೀವು ಹೊಡದ್ರಿ. ನಿಮ್ಮ ಅಬ್ಬಾ ಒಗದ್ರು. ನಿಮ್ಮ ಅಣ್ಣಂದಂತೂ ಮುಗೀತು. ನಿಮ್ಮ ಮನ್ಯಾಗ ನನ್ನ ಮ್ಯಾಲೆ ಕೈ ಮಾಡಲಾರದವ್ರು ಇನ್ನ ಯಾರರೆ ಉಳದಾರೇನು?"

"ಅಮ್ಮಾ ಒಬ್ಬಾಕಿ."

"ಅವ್ರು ಯಾವಾಗ ಬರ್ತಾರ?"

"ಬಂದಾಳ. ಹೊರಗ ಬಾಕಿನ ಮ್ಯಾಲೆ ಕುಂತಾಳ."

"ಅಯ್ಯೋ! ಹೊಡಿಯಾಕೇನು?"

ಶಹನಾಜ ತಲೆ ತಗ್ಗಿಸಿದಳು. ಅತ್ತ ಕಣ್ಣಲ್ಲೇ ನಕ್ಕಳು.

"ಅಲ್ಲ... ಅಳಿಯನ್ನ ನೋಡಾಕ."